ಕೆಲಸ ಅವನದು, ತಪ್ಪೂ ಅವನದು, ಸಂಬಳವೂ ಅವನದು

ಪ್ರಶ್ನೆ: ನನ್ನ ಮಗನಿಗೆ 16 ವರ್ಷ. ಈ ಬಾರಿ ಎಸ್‌ಎಸ್‌ಎಲ್‌ಸಿ ಪರೀಕ್ಷೆ ಬರೆದಿದ್ದಾನೆ. ಪಿಯು ಕಾಲೇಜು ಆರಂಭವಾಗುವವರೆಗೆ ಸುಮ್ಮನೆ ಕೂರುವುದಿಲ್ಲ ಎಂದು ತಾನೇ ವಿಚಾರಿಸಿ, ಪೇಟೆಯ ಒಂದು ನೋಟ್‌ಬುಕ್ ಮತ್ತು ಲೇಖನ ಸಾಮಗ್ರಿ ಅಂಗಡಿಗೆ ಸೇರಿಕೊಂಡ. ಬೆಳಿಗ್ಗೆ ಹತ್ತಕ್ಕೆ ಹೋದರೆ ರಾತ್ರಿ ಒಂಬತ್ತಕ್ಕೆ ಬರುತ್ತಾನೆ. ಸಂಬಳದ ಮಾತೇ ಆಗಿಲ್ಲ, 'ಕೆಲಸ ನೋಡಿ ಕೊಡುತ್ತೇನೆ' ಎಂದಿದ್ದಾರಂತೆ. ಎರಡು ವಾರವಾಯಿತು. ಮೊನ್ನೆ ಒಂದು ಶಾಲೆಗೆ ಹೋಗಬೇಕಿದ್ದ ಕಟ್ಟುಗಳಲ್ಲಿ ಡಬಲ್ ಲೈನ್ ನೋಟ್‌ಬುಕ್ ಬದಲು ಸಿಂಗಲ್ ಲೈನ್ ಇಟ್ಟುಬಿಟ್ಟಿದ್ದಾನೆ. ಸಂಜೆಯೇ ಅವನಿಗೆ ಗೊತ್ತಾಗಿತ್ತು, ಹೆದರಿ ಬಾಯಿ ಬಿಡಲಿಲ್ಲ. ಮರುದಿನ ಕಟ್ಟುಗಳು ವಾಪಸು ಬಂದಾಗ ಮಾಲೀಕರು ಗಿರಾಕಿಗಳ ಎದುರೇ ಕೂಗಾಡಿದರು. ಈಗ ಹೋಗುವುದಿಲ್ಲ ಎಂದು ಕೂತಿದ್ದಾನೆ. ಕಸ ಗುಡಿಸಲು ಹೇಳುತ್ತಾರೆ ಎಂಬ ಕೋಪ ಬೇರೆ. ಪಾಂಡವಪುರದ ಕಡೆಯವರಾದ ನಮ್ಮ ಯಜಮಾನರು 'ಓದುವ ಹುಡುಗನನ್ನು ಅಂಗಡಿಯ ಆಳು ಮಾಡಿದೆ' ಎಂದು ನನ್ನನ್ನೇ ದೂರುತ್ತಾರೆ. ನಾನು ಅಂಗಡಿಗೆ ಹೋಗಿ ಮಾತನಾಡಲೇ? ಇವನಿಗೆ ಕೆಲಸದ ಶಿಸ್ತು ಕಲಿಸುವುದು ಹೇಗೆ? ಸಂಬಳ ಬಂದರೆ ಮೊಬೈಲ್ ಕೊಳ್ಳುತ್ತೇನೆ ಎನ್ನುತ್ತಾನೆ, ಬಿಡಬಹುದೇ?
– ಒಬ್ಬ ತಾಯಿ, ಕುವೆಂಪುನಗರ, ಮೈಸೂರು

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು 'ತಾನೇ ವಿಚಾರಿಸಿ ಸೇರಿಕೊಂಡ' ಎಂಬ ಮಾತು. ನನ್ನ ಸೇವೆಯೆಲ್ಲ ಕೈಗಾರಿಕಾ ತರಬೇತಿ ಸಂಸ್ಥೆಗಳಲ್ಲಿ ಕಳೆಯಿತು. ಹೆಬ್ಬಾಳ, ಮೇಟಗಳ್ಳಿಯ ಕಾರ್ಖಾನೆಗಳಿಗೆ ಹುಡುಗರನ್ನು ಕಳುಹಿಸುತ್ತಿದ್ದಾಗ, ಅಪ್ಪನ ಬಲವಂತಕ್ಕೆ ಬಂದವನು ಯಾರು, ತನಗೆ ಬೇಕೆಂದು ಬಂದವನು ಯಾರು ಎನ್ನುವುದು ಮೊದಲ ವಾರದಲ್ಲೇ ತಿಳಿದುಬಿಡುತ್ತಿತ್ತು. ನಿಮ್ಮ ಮಗ ಎರಡನೆಯ ಬಗೆಯವನು. ಆದ್ದರಿಂದ ನೀವು ಏನೇ ಮಾಡಿದರೂ ಆ ಕೆಲಸವನ್ನು ಅವನ ಕೈಯಿಂದ ನಿಮ್ಮ ಕೈಗೆ ತೆಗೆದುಕೊಳ್ಳಬೇಡಿ. ಕೆಲಸ ಅವನದು, ತಪ್ಪೂ ಅವನದು, ಸಂಬಳವೂ ಅವನದು. ನೀವು ನಡುವೆ ಬರಬೇಕಾದ ಜಾಗಗಳು ಬಹಳ ಕಡಿಮೆ. ಅಂಥದ್ದೊಂದು ಈಗಲೇ ಎದುರಾಗಿದೆ, ಅದನ್ನು ಮೊದಲು ಮುಗಿಸೋಣ.

ಬೆಳಿಗ್ಗೆ ಹತ್ತರಿಂದ ರಾತ್ರಿ ಒಂಬತ್ತರವರೆಗೆ 16 ವರ್ಷದ ಹುಡುಗನನ್ನು ದುಡಿಸುವುದು ಕಾನೂನಿಗೆ ವಿರುದ್ಧ. ಬಾಲ ಹಾಗೂ ಕಿಶೋರ ಕಾರ್ಮಿಕರ ಕುರಿತ 1986ರ ಕಾಯ್ದೆ 2016ರಲ್ಲಿ ತಿದ್ದುಪಡಿಯಾಗಿದೆ. 14 ವರ್ಷ ತುಂಬದ ಮಕ್ಕಳನ್ನು, ಮನೆತನದ ಕಸುಬಿಗೆ ಶಾಲೆಯ ಹೊತ್ತು ಮುಗಿದ ಮೇಲೆ ನೆರವಾಗುವಂಥ ಒಂದೆರಡು ವಿನಾಯಿತಿ ಬಿಟ್ಟರೆ, ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. 14 ತುಂಬಿ 18 ಆಗದವರು ದುಡಿಯಬಹುದು, ಆದರೆ ಅಪಾಯಕಾರಿ ಕೆಲಸಗಳಲ್ಲಿ ಅಲ್ಲ. ದೀಪಾವಳಿಯ ಪಟಾಕಿ ಮಳಿಗೆಗೆ ಹುಡುಗರನ್ನು ನಿಲ್ಲಿಸುವುದನ್ನು ಎಲ್ಲ ಊರಿನಲ್ಲೂ ನೋಡುತ್ತೇವೆ. ಅದೂ ಈ ನಿಷೇಧದೊಳಗೆ ಬರುತ್ತದೆ. ಇನ್ನು ಅಂಗಡಿಯಂಥ ಕಡೆ ಈ ವಯಸ್ಸಿನವರು ಸತತವಾಗಿ ಮೂರು ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ. ಆಮೇಲೆ ಕನಿಷ್ಠ ಒಂದು ಗಂಟೆ ಬಿಡುವು ಕೊಡಬೇಕು. ಬಿಡುವೂ ಸೇರಿ ದಿನದ ಅವಧಿ ಆರು ಗಂಟೆ ಮೀರಬಾರದು. ಸಂಜೆ ಏಳರಿಂದ ಬೆಳಿಗ್ಗೆ ಎಂಟರವರೆಗೆ ಕೆಲಸವೇ ಇಲ್ಲ. ಹೆಚ್ಚುವರಿ ದುಡಿಮೆ ಇಲ್ಲ, ವಾರಕ್ಕೊಂದು ಪೂರ್ತಿ ರಜೆ ಉಂಟು. ಅವನ ಹೆಸರು, ಹುಟ್ಟಿದ ದಿನಾಂಕ, ಕೆಲಸದ ವೇಳೆ ಇವನ್ನು ಮಾಲೀಕರು ದಾಖಲೆ ಪುಸ್ತಕದಲ್ಲಿ ಬರೆದಿಡಬೇಕು.

ಶಾಲೆಗಳು ತೆರೆಯುವ ಮುಂಚಿನ ಈ ಮೂರು ನಾಲ್ಕು ವಾರ ಲೇಖನ ಸಾಮಗ್ರಿ ಅಂಗಡಿಗಳಿಗೆ ವರ್ಷದ ಸುಗ್ಗಿ. ಮಾಲೀಕರಿಗೆ ಕೈಗಳು ಸಾಲುವುದಿಲ್ಲ, ಅದು ನನಗೆ ಅರ್ಥವಾಗುತ್ತದೆ. ಆದರೂ ಹುಡುಗನ ವಯಸ್ಸು ಬದಲಾಗುವುದಿಲ್ಲವಲ್ಲ. ಹಾಗಾಗಿ ನೀವು, ಸಾಧ್ಯವಾದರೆ ನಿಮ್ಮ ಯಜಮಾನರೂ ಜೊತೆಗೆ, ಗಿರಾಕಿಗಳಿಲ್ಲದ ಹೊತ್ತು ನೋಡಿ ಒಮ್ಮೆ ಹೋಗಿ ಬನ್ನಿ. ಜಗಳದ ಧ್ವನಿ ಬೇಡ. 'ಇವನಿಗೆ ಇನ್ನೂ 16. ದಿನಕ್ಕೆ ಆರು ಗಂಟೆಯೊಳಗೆ, ಏಳಕ್ಕೆ ಮುಂಚೆ ಬಿಡುವ ಹಾಗಿದ್ದರೆ ಕಳುಹಿಸುತ್ತೇವೆ' ಎಂದಷ್ಟೇ ಹೇಳಿ. ಒಪ್ಪದಿದ್ದರೆ ಬಿಡಿಸಿಬಿಡಿ, ಬೇರೆ ಅಂಗಡಿ ಸಿಗುತ್ತದೆ. ಇನ್ನೊಂದು ಮಾತನ್ನೂ ಆಗಲೇ ಸ್ಪಷ್ಟಪಡಿಸಿ: ಗೋದಾಮಿನಿಂದ ಸರಕು ತರಲು ಅವನ ಕೈಗೆ ಸ್ಕೂಟರ್ ಕೊಡಬಾರದು. 16 ತುಂಬಿದವರಿಗೆ ಸಿಗುವುದು 50 ಸಿಸಿ ಮೀರದ, ಗೇರ್ ಇಲ್ಲದ ವಾಹನದ ಪರವಾನಗಿ ಮಾತ್ರ. ಈಗ ರಸ್ತೆಯಲ್ಲಿ ಓಡುವ ಪೆಟ್ರೋಲ್ ಸ್ಕೂಟರ್‌ಗಳೆಲ್ಲ ಹೆಚ್ಚುಕಡಿಮೆ ಅದಕ್ಕಿಂತ ದೊಡ್ಡವು. 2019ರ ಮೋಟಾರು ವಾಹನ ತಿದ್ದುಪಡಿಯ ಪ್ರಕಾರ ಅಪ್ರಾಪ್ತರು ಓಡಿಸಿ ಅಪರಾಧವಾದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಸೆರೆವಾಸ. ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಪರವಾನಗಿಯೂ ಸಿಗುವುದಿಲ್ಲ.

ಸಂಬಳದ ಮಾತನ್ನು ಮಾತ್ರ ನೀವು ಆಡಬೇಡಿ, ಅವನೇ ಆಡಲಿ. 'ಕೆಲಸ ನೋಡಿ ಕೊಡುತ್ತೇನೆ' ಎಂಬುದು ನಮ್ಮ ಪೇಟೆಗಳ ಹಳೆಯ ಮಾತು. ಕೊನೆಯಲ್ಲಿ ಒಂದಿಷ್ಟು ನೋಟುಗಳನ್ನು ಕೈಗಿಟ್ಟರೆ ಹುಡುಗ ಎಣಿಸಲೂ ನಾಚುತ್ತಾನೆ. ಎರಡು ವಾರ ದುಡಿದವನಿಗೆ ಕೇಳುವ ಹಕ್ಕು ಇದೆ. 'ಸಾರ್, ದಿನಕ್ಕೆ ಎಷ್ಟು ಅಂತ ಹಿಡಿದಿದ್ದೀರಿ? ಯಾವ ತಾರೀಖಿಗೆ ಕೊಡುತ್ತೀರಿ? ವಾರದ ರಜೆಗೆ ಸಂಬಳ ಮುರಿಯುತ್ತೀರಾ?' ಎಂದು ಕೇಳಿದರೆ ಸಾಕು. ಅಂಗಡಿ ನೌಕರರಿಗೂ ರಾಜ್ಯ ಸರ್ಕಾರ ಕನಿಷ್ಠ ವೇತನ ನಿಗದಿ ಮಾಡಿದೆ ಎಂಬುದು ಅವನಿಗೆ ಗೊತ್ತಿರಲಿ. 'ನೀನಿನ್ನೂ ಕಲಿಯುವವನು' ಎಂಬ ಉತ್ತರಕ್ಕೆ ಅವನು ಕುಗ್ಗಬೇಕಿಲ್ಲ. 1961ರ ಅಪ್ರೆಂಟಿಸ್ ಕಾಯ್ದೆಯಡಿ ನೋಂದಾಯಿಸಿಕೊಂಡು ಕಲಿಯುವವರಿಗೂ ಶಿಷ್ಯವೇತನ ಕೊಡಬೇಕೆಂಬ ನಿಯಮವಿದೆ. ಕೂಲಿಯನ್ನು ಕೇಳಿ ನಿಗದಿ ಮಾಡಿಕೊಳ್ಳುವುದು ಕೂಡ ಕೆಲಸದ ಶಿಸ್ತಿನ ಭಾಗ. ತಲೆ ತಗ್ಗಿಸಿ ದುಡಿಯುವುದೇ ಶಿಸ್ತು ಎಂದು ಈ ವಯಸ್ಸಿನಲ್ಲಿ ಅವನ ಮನಸ್ಸಿಗೆ ಹೊಕ್ಕರೆ ಮುಂದೆ ಬೇಕಾದವರೆಲ್ಲ ಅವನನ್ನು ಬಳಸಿಕೊಳ್ಳುತ್ತಾರೆ.

ಈಗ ನೋಟ್‌ಬುಕ್ ಕಟ್ಟಿನ ವಿಷಯ. ಇಲ್ಲಿ ಅಂಗಡಿಯವರ ತಪ್ಪನ್ನೂ ಮಗನ ತಪ್ಪನ್ನೂ ಬೆರೆಸಬೇಡಿ. ಮಗನ ತಪ್ಪಿನಲ್ಲೂ ಎರಡು ಭಾಗಗಳಿವೆ. ಡಬಲ್ ಲೈನ್ ಬದಲು ಸಿಂಗಲ್ ಲೈನ್ ಇಟ್ಟದ್ದು ಚಿಕ್ಕ ಭಾಗ. ಒಂದೇ ಬಣ್ಣದ ರಟ್ಟು, ಒಂದೇ ಅಳತೆ, ಸುತ್ತಲೂ ಗದ್ದಲ. ಹತ್ತು ವರ್ಷದ ಅನುಭವಿಯೂ ಅವಸರದಲ್ಲಿ ಹಾಗೆ ಮಾಡಿಬಿಡುತ್ತಾನೆ. ದೊಡ್ಡ ತಪ್ಪು ಆ ಸಂಜೆಯ ಮೌನ. ಸಂಜೆಯೇ ಹೇಳಿದ್ದರೆ ಕಟ್ಟುಗಳು ಇನ್ನೂ ಅಂಗಡಿಯಲ್ಲೇ ಇದ್ದವು, ಬಿಚ್ಚಿ ಬದಲಿಸಿದ್ದರೆ ಮುಗಿಯುತ್ತಿತ್ತು. ಹೇಳದೆ ಹೋದದ್ದರಿಂದ ಸರಕು ಶಾಲೆಯವರೆಗೆ ಹೋಯಿತು, ಆಟೊ ಬಾಡಿಗೆ ದಂಡವಾಯಿತು, ಶಾಲೆಯವರ ಮುಂದೆ ಮಾಲೀಕರ ಮಾತು ಕೆಟ್ಟಿತು. ವ್ಯಾಪಾರಿಗೆ ಆಟೊ ಬಾಡಿಗೆಗಿಂತ ಆ ಮಾತು ದುಬಾರಿ. ಮುಂದಿನ ವರ್ಷ ಆ ಶಾಲೆಯ ಆರ್ಡರ್ ಪಕ್ಕದ ಅಂಗಡಿಗೆ ಹೋಗಬಹುದು.

ಇದನ್ನು ಅವನಿಗೆ ಬೈಗುಳವಾಗಿ ಹೇಳಬೇಡಿ. ಕುಳಿತು, ಆ ಸಂಜೆಯಿಂದ ಮರುದಿನದವರೆಗೆ ಆ ಕಟ್ಟು ಎಲ್ಲೆಲ್ಲಿ ಹೋಯಿತು, ಯಾರ್‍ಯಾರಿಗೆ ಏನೇನು ತೊಂದರೆಯಾಯಿತು ಎಂದು ಅವನಿಂದಲೇ ಹೇಳಿಸಿ. ಹದಿನಾರರ ಹುಡುಗರು ಸಾಮಾನ್ಯವಾಗಿ ತಪ್ಪು ಮುಚ್ಚಿಡುವುದು ಕೆಟ್ಟತನದಿಂದಲ್ಲ. ಇಷ್ಟು ವರ್ಷ ಶಾಲೆಯಲ್ಲಿ ಅವರ ತಪ್ಪಿನ ಪರಿಣಾಮ ಅವರ ಅಂಕಪಟ್ಟಿಗೆ ಮಾತ್ರ ತಟ್ಟಿದೆ. ಲೆಕ್ಕ ತಪ್ಪಿದರೆ ಎರಡು ಅಂಕ ಹೋಗುತ್ತದೆ, ಪಕ್ಕದವನಿಗೆ ಏನೂ ಆಗುವುದಿಲ್ಲ. ತನ್ನ ತಪ್ಪಿನಿಂದ ಮತ್ತೊಬ್ಬರ ದಿನ ಕೆಡುತ್ತದೆ ಎಂಬುದನ್ನು ಅವರು ಮೊದಲು ಕಾಣುವುದು ಕೆಲಸದ ಜಾಗದಲ್ಲಿ. ನಾನು ಕೆಲಸದ ಶ್ರದ್ಧೆ ಎನ್ನುವುದು ಇದನ್ನೇ. ನನ್ನ ಕೈಯಿಂದ ಹೋದ ವಸ್ತು ಯಾರದೋ ಕೈಗೆ ಸೇರುತ್ತದೆ ಎಂಬ ಎಚ್ಚರ ಬಂದರೆ ಉಳಿದದ್ದೆಲ್ಲ ಹಿಂದೆಯೇ ಬರುತ್ತದೆ. ಆ ಎಚ್ಚರ ಉಪದೇಶದಿಂದ ಬರುವುದನ್ನು ನಾನು ನೋಡಿಲ್ಲ. ಲೇತ್ ಯಂತ್ರದ ಮೇಲೆ ಅಳತೆ ತಪ್ಪಿ ಕೊರೆದ ಭಾಗ ಜೋಡಣೆಯ ಮೇಜಿನಲ್ಲಿ ಕೂರದೆ ವಾಪಸು ಬಂದಾಗ ನಮ್ಮ ಹುಡುಗರ ಮುಖ ಬದಲಾಗುತ್ತಿತ್ತು. ಅದಾದ ಮೇಲೆ ಅವರು ವರ್ನಿಯರ್ ಹಿಡಿದು ಎರಡು ಬಾರಿ ಅಳೆಯುತ್ತಿದ್ದರು, ಯಾರೂ ಹೇಳಬೇಕಿರಲಿಲ್ಲ.

ಹಾಗಾಗಿ ಅವನು ನಾಳೆ ಹೋಗಬೇಕು. ಬಿಡುವುದಾದರೂ ಹೋಗಿಯೇ ಬಿಡಬೇಕು, ಮನೆಯಲ್ಲಿ ಕೂತು ಅಲ್ಲ. ಬಾಗಿಲು ತೆಗೆಯುವ ಹೊತ್ತಿಗೆ, ಬೋಣಿ ಆಗುವ ಮೊದಲೇ ಹೋಗಿ ಹೇಳಲಿ: 'ಸಾರ್, ಕಟ್ಟು ಬದಲಾಗಿದ್ದು ನನ್ನಿಂದ. ಸಂಜೆಯೇ ಗೊತ್ತಾಗಿತ್ತು, ಹೆದರಿ ಹೇಳಲಿಲ್ಲ. ಇನ್ನು ಮೇಲೆ ಕಟ್ಟುವ ಮುಂಚೆ ಪಟ್ಟಿ ಇಟ್ಟುಕೊಂಡು ಒಂದೊಂದಕ್ಕೂ ಗುರುತು ಹಾಕುತ್ತೇನೆ.' ಇದಕ್ಕಿಂತ ಉದ್ದ ಬೇಡ. ಗದ್ದಲವಿತ್ತು, ಇನ್ನೊಬ್ಬ ಅಣ್ಣ ಸರಿಯಾಗಿ ಹೇಳಲಿಲ್ಲ ಎಂಬ ಮಾತುಗಳು ನಿಜವಿದ್ದರೂ ಆ ಹೊತ್ತಿಗೆ ಬೇಡ. ಅದರ ಬೆನ್ನಿಗೇ ಇನ್ನೊಂದು ಮಾತು ಹೇಳುವ ಧೈರ್ಯವೂ ಅವನಿಗೆ ಬರಲಿ: 'ತಪ್ಪಿದ್ದರೆ ಒಳಗೆ ಕರೆದು ಬೈಯಿರಿ ಸಾರ್, ಎಲ್ಲರ ಎದುರು ಬೇಡ.' ಬಹುತೇಕ ಮಾಲೀಕರು ಈ ಮಾತಿಗೆ ಮೆತ್ತಗಾಗುತ್ತಾರೆ. ಸುಗ್ಗಿಯ ದಿನಗಳಲ್ಲಿ ಅವರ ತಾಳ್ಮೆಯೂ ತೆಳುವಾಗಿರುತ್ತದೆ, ಕೂಗಿದ ಮೇಲೆ ಅವರಿಗೂ ಹಿತವೆನಿಸಿರುವುದಿಲ್ಲ.

ಕೂಗಾಟಕ್ಕೂ ಒಂದು ಗಡಿ ಇದೆ, ಅದನ್ನು ಮಗನಿಗೆ ಈಗಲೇ ಹೇಳಿಡಿ. ಕೈ ಎತ್ತಿದರೆ, ಜಾತಿ ಹೆಸರು ಹಿಡಿದು ಬೈದರೆ, ಅಪ್ಪ ಅಮ್ಮನನ್ನು ಎಳೆದು ತಂದರೆ, ಮುಟ್ಟಬಾರದ ರೀತಿಯಲ್ಲಿ ಮುಟ್ಟಿದರೆ ಆ ಕ್ಷಣವೇ ಹೊರಟುಬರಬೇಕು. ಅಲ್ಲಿ ಕ್ಷಮೆಯೂ ಇಲ್ಲ, ವಾರದ ಮುನ್ಸೂಚನೆಯೂ ಇಲ್ಲ. ನೀವು ನಡುವೆ ಬರಲೇಬೇಕಾದ ಇನ್ನೊಂದು ಜಾಗ ಇದು. 1098 ಸಹಾಯವಾಣಿ 18 ವರ್ಷದೊಳಗಿನ ಎಲ್ಲರಿಗೂ ಇರುವುದು, ಕಾರ್ಮಿಕ ಇಲಾಖೆಯೂ ಇದೆ. ಆಟೊ ಬಾಡಿಗೆಯನ್ನು ಸಂಬಳದಲ್ಲಿ ಮುರಿದುಕೊಳ್ಳುತ್ತೇವೆ ಎಂದರೆ ಅದಕ್ಕೂ ಒಪ್ಪಬೇಕಾಗಿಲ್ಲ.

ಕಸ ಗುಡಿಸುವ ವಿಷಯಕ್ಕೆ ಬರುತ್ತೇನೆ. ಮೈಸೂರಿನ ಅಂಗಡಿಗಳ ದಿನ ಶುರುವಾಗುವುದೇ ಹಾಗೆ: ಶಟರ್ ಎತ್ತಿ, ಗುಡಿಸಿ, ಮುಂದೆ ನೀರು ಚಿಮುಕಿಸಿ, ದೇವರ ಪಟಕ್ಕೆ ಊದುಬತ್ತಿ ಹಚ್ಚುವುದು. ಕೇಳಬೇಕಾದ ಪ್ರಶ್ನೆ ಒಂದೇ. ಅಲ್ಲಿ ಎಲ್ಲರೂ ಸರದಿಯಂತೆ ಪೊರಕೆ ಹಿಡಿಯುತ್ತಾರೆಯೋ, ಇಲ್ಲ ಇವನೊಬ್ಬನೇ ಹಿಡಿಯಬೇಕೋ? ಸರದಿ ಇದ್ದರೆ ಅದರಲ್ಲಿ ಅವಮಾನವೇನೂ ಇಲ್ಲ. ಗುಡಿಸುವವನಿಗೆ ಅಂಗಡಿ ಬೇಗ ಪರಿಚಯವಾಗುತ್ತದೆ. ಯಾವ ಅಟ್ಟಣಿಗೆಯಲ್ಲಿ ಏನಿದೆ, ಬ್ರೌನ್ ಶೀಟ್ ಸುರುಳಿಗಳಲ್ಲಿ ಎಷ್ಟು ಉಳಿದಿವೆ, ಯಾವ ಮೂಲೆಯಲ್ಲಿ ತೇವ ಹತ್ತುತ್ತಿದೆ ಎಂಬುದು ಅವನ ಕಣ್ಣಿಗೇ ಮೊದಲು ಬೀಳುವುದು. 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ ಮೈಸೂರು ದೇಶಕ್ಕೇ ಮೊದಲ ಸ್ಥಾನ ಪಡೆದಾಗ ನಾವೆಲ್ಲ ಹೆಮ್ಮೆಪಟ್ಟೆವು. ಆ ಹೆಮ್ಮೆಯನ್ನು ತಂದುಕೊಟ್ಟವರು ಬೆಳಗಿನ ಜಾವ ಬೀದಿಗಿಳಿಯುವ ಪೌರಕಾರ್ಮಿಕರು. ಅವರು ದಿನವೂ ಮಾಡುವ ಕೆಲಸ ನಮ್ಮ ಮನೆಯ ಹುಡುಗನಿಗೆ ಹತ್ತು ನಿಮಿಷವೂ ಬೇಡ ಎನ್ನುವುದಾದರೆ, ಆ ಭಾವನೆ ಅವನಿಗೆ ಎಲ್ಲಿಂದ ಬಂತು ಎಂದು ಮನೆಯಲ್ಲೇ ನೋಡಬೇಕಾಗುತ್ತದೆ.

ಇದು ನಿಮ್ಮ ಯಜಮಾನರಿಗೂ ಹೇಳುವ ಮಾತು, ಗೌರವದಿಂದಲೇ ಹೇಳುತ್ತೇನೆ. ಅವರ ಆತಂಕ ನನಗೆ ತಿಳಿಯುತ್ತದೆ. ಗದ್ದೆಯಲ್ಲಿ ಬೆವರಿಳಿಸಿದ ತಲೆಮಾರಿಗೆ ಮಕ್ಕಳು ನೆರಳಿನಲ್ಲಿ ಕೂತು ಓದಲಿ ಎಂಬ ಆಸೆ ಇರುವುದು ಸಹಜ. ಆದರೆ ಓದು ಮತ್ತು ದುಡಿಮೆ ಒಂದಕ್ಕೊಂದು ಶತ್ರುಗಳಲ್ಲ. ಕನ್ನಂಬಾಡಿ ಕಟ್ಟೆಯ ಕಾರಣಕ್ಕೆ ಮಂಡ್ಯ ಜಿಲ್ಲೆ ಇಂದಿಗೂ ನೆನೆಯುವ ವಿಶ್ವೇಶ್ವರಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಮನೆಪಾಠ ಹೇಳಿ ತಮ್ಮ ಖರ್ಚು ತೂಗಿಸಿದವರು. ಪಾಂಡವಪುರ, ಮದ್ದೂರಿನ ಕಡೆ ರಜೆಯಲ್ಲಿ ಹುಡುಗರು ಆಲೆಮನೆಗೆ ಹೋಗುವುದನ್ನು ನಿಮ್ಮವರೂ ಕಂಡಿರುತ್ತಾರೆ. ಕಬ್ಬಿನ ಗಾಣ ಕೈ ಎಳೆದುಕೊಳ್ಳುವ, ಕುದಿಯುವ ಕೊಪ್ಪರಿಗೆಯ ಪಕ್ಕದಲ್ಲಿ ನಿಲ್ಲುವ ಆ ಕೆಲಸಕ್ಕೆ ನಾನು ಯಾವ ಹುಡುಗನನ್ನೂ ಕಳುಹಿಸೆನೆಂದು ಖಡಾಖಂಡಿತವಾಗಿ ಹೇಳುತ್ತೇನೆ. ನೋಟ್‌ಬುಕ್ ಅಂಗಡಿ ಹಾಗಲ್ಲ. ಓದುವ ಹುಡುಗನಿಗೆ ಇದಕ್ಕಿಂತ ಹೊಂದುವ ಮೊದಲ ಕೆಲಸ ನನಗೆ ತೋಚುತ್ತಿಲ್ಲ.

ಶಿಸ್ತು ಕಲಿಸುವುದು ಹೇಗೆ ಎಂದು ಕೇಳಿದ್ದೀರಿ. ಕಾರ್ಖಾನೆಗಳ ಮೇಲ್ವಿಚಾರಕರು ನಮ್ಮ ಹುಡುಗರ ಬಗ್ಗೆ ನನ್ನನ್ನು ವಿಚಾರಿಸುವಾಗ ಅಂಕಗಳನ್ನು ಕೇಳುತ್ತಿದ್ದುದು ಕಡಿಮೆ. ಹೊತ್ತಿಗೆ ಸರಿಯಾಗಿ ಬರುತ್ತಾನೆಯೇ, ಬರಲಾಗದಿದ್ದರೆ ಮುಂಚೆ ತಿಳಿಸುತ್ತಾನೆಯೇ, ಗೊತ್ತಿಲ್ಲದ್ದನ್ನು ಕೇಳುತ್ತಾನೆಯೇ ಎಂದು ಕೇಳುತ್ತಿದ್ದರು. ಮೊದಲ ಎರಡಕ್ಕೂ ಬಹಳ ಸಲ ಅಡ್ಡಿಯಾಗುವುದು ಮನೆಯವರ ಪ್ರೀತಿ. ಬೆಳಿಗ್ಗೆ ಅವನನ್ನು ಎಬ್ಬಿಸುವವರು ಯಾರು? ನೀವೇ ಆಗಿದ್ದರೆ ನಾಳೆಯಿಂದ ನಿಲ್ಲಿಸಿ. ಅಲಾರಂ ಅವನೇ ಇಟ್ಟುಕೊಳ್ಳಲಿ. ಬಸ್ ತಪ್ಪಿದರೆ ತಪ್ಪಲಿ, ಅಪ್ಪ ಸ್ಕೂಟರ್‌ನಲ್ಲಿ ಬಿಟ್ಟು ಬರುವುದು ಬೇಡ. ಜ್ವರ ಬಂದರೆ ಮಾಲೀಕರಿಗೆ ಅವನೇ ಕರೆ ಮಾಡಬೇಕು, ಅಂಗಡಿ ತೆಗೆಯುವ ಮುಂಚೆಯೇ. 'ನಮ್ಮ ಹುಡುಗನಿಗೆ ಮೈ ಸರಿ ಇಲ್ಲ' ಎಂದು ತಾಯಿ ಕರೆ ಮಾಡಿದ ದಿನ ಆ ಅಂಗಡಿಯಲ್ಲಿ ಅವನು ನೌಕರನಾಗಿ ಉಳಿಯುವುದಿಲ್ಲ, ಯಾರದೋ ಮನೆಯ ಮಗುವಾಗುತ್ತಾನೆ.

ಅಂಗಡಿಯೊಳಗಿನ ಕೆಲವು ಅಭ್ಯಾಸಗಳನ್ನು ಅವನಿಗೆ ಓದಿ ಹೇಳಿ. ಹೊಸ ಹುಡುಗರು ಗಿರಾಕಿ ಏನು ಕೇಳಿದರೂ ತಿರುಗಿ ನೋಡದೆ 'ಇಲ್ಲ' ಎನ್ನುತ್ತಾರೆ. ಪೇಟೆಯಲ್ಲಿ ನನಗೆ ತುಂಬ ನೋವು ಕೊಡುವ ಪದ ಅದು, ಏಕೆಂದರೆ ಎಷ್ಟೋ ಸಲ ಆ ವಸ್ತು ಹಿಂದಿನ ಅಟ್ಟಣಿಗೆಯಲ್ಲೇ ಇರುತ್ತದೆ. 'ಒಂದು ನಿಮಿಷ, ಕೇಳಿ ಹೇಳುತ್ತೇನೆ' ಎನ್ನುವುದನ್ನು ರೂಢಿಸಿಕೊಳ್ಳಲಿ. ಮಾಲೀಕರು ಹೇಳಿದ್ದನ್ನು ಒಮ್ಮೆ ಬಾಯಿಬಿಟ್ಟು ಮರಳಿ ಹೇಳಲಿ: 'ಡಬಲ್ ಲೈನ್, 100 ಪುಟ, 40 ಅಲ್ಲವೇ ಸಾರ್?' ಮೊನ್ನೆಯ ಅವಘಡ ಅಷ್ಟರಿಂದಲೇ ತಪ್ಪುತ್ತಿತ್ತು. ಜೇಬಿನಲ್ಲಿ ಪುಟ್ಟ ಪುಸ್ತಕ, ಪೆನ್ನು ಇರಲಿ, ಮೊಬೈಲ್ ಚೀಲದಲ್ಲಿರಲಿ. ಚಿಲ್ಲರೆಯನ್ನು ಗಿರಾಕಿಯ ಕಣ್ಣೆದುರೇ ಎಣಿಸಿ ಕೊಡಲಿ. ಹಣ ಕಳುಹಿಸಿದೆ ಎಂದು ಮೊಬೈಲ್ ಪರದೆ ತೋರಿಸಿದರೆ ಸಾಲದು, ಅಂಗಡಿಯ ಸೌಂಡ್‌ಬಾಕ್ಸ್ ಮೊತ್ತವನ್ನು ಕೂಗಿ ಹೇಳುವವರೆಗೆ ನಗುತ್ತಲೇ ಕಾಯಲಿ. ಹೇಳದೆ ಗಲ್ಲಾಪೆಟ್ಟಿಗೆಗೆ ಕೈ ಹಾಕುವುದು ಬೇಡ, ಚಿಲ್ಲರೆ ಬೇಕಿದ್ದರೂ ಬೇಡ.

ಮಧ್ಯಾಹ್ನ ಗಿರಾಕಿಗಳು ಕಡಿಮೆಯಾದಾಗ ಅವನು ಏನು ಮಾಡುತ್ತಾನೆ? ನನ್ನ ಮಟ್ಟಿಗೆ ಒಬ್ಬ ಹುಡುಗನನ್ನು ಅಳೆಯುವ ಹೊತ್ತು ಅದೇ. ಹೇಳಿದ್ದನ್ನು ಮಾಡುವವರು ಬಹಳ ಮಂದಿ ಸಿಗುತ್ತಾರೆ. ಕಲಸಿಹೋದ ಪೆನ್ನುಗಳನ್ನು ಬಣ್ಣದಂತೆ ಜೋಡಿಸುವವನು, ಖಾಲಿಯಾಗುತ್ತಿರುವ ನಾಲ್ಕು ಗೆರೆಯ ಪುಸ್ತಕಗಳ ಬಗ್ಗೆ ಮಾಲೀಕರಿಗೆ ಮುಂಚೆಯೇ ಹೇಳುವವನು, ಹಳೆಯ ನೌಕರನ ಪಕ್ಕ ನಿಂತು ರಟ್ಟು ಮುಟ್ಟಿಯೇ ಪುಟ ಎಷ್ಟೆಂದು ಹೇಳುವುದನ್ನು ಕಲಿಯುವವನು ಅಪರೂಪ. ಅದನ್ನು ನೀವು ಇಲ್ಲಿಂದ ಆಜ್ಞೆ ಮಾಡಿ ಮಾಡಿಸಲಾಗದು. ಆದರೆ ಸಂಜೆ ಬಂದಾಗ 'ಇವತ್ತು ಬೈದರಾ?' ಎಂದು ಕೇಳುವ ಬದಲು 'ಇವತ್ತು ಹೊಸದೇನು ಕಂಡೆ?' ಎಂದು ಕೇಳಬಹುದು. ಊಟದ ತಟ್ಟೆಯನ್ನು ಅವನೇ ತೊಳೆದಿಡುವುದನ್ನು ನಿಯಮ ಮಾಡಬಹುದು. ಹೊರಗೆ ನೌಕರನಾಗಿ, ಮನೆಯೊಳಗೆ ರಾಜಕುಮಾರನಾಗಿ ಇರುವ ಹುಡುಗನಲ್ಲಿ ಶಿಸ್ತು ಬಹುಕಾಲ ನಿಲ್ಲುವುದಿಲ್ಲ. ಈ ಮಾತು ನಿಮಗೆ ಮಗಳಿದ್ದರೆ ಅವಳಿಗಿಂತ ಮಗನಿಗೇ ಹೆಚ್ಚು ಅನ್ವಯಿಸುತ್ತದೆ, ಏಕೆಂದರೆ ಮಗಳಿಗೆ ನಾವು ಅದನ್ನು ಯಾವಾಗಲೋ ಕಲಿಸಿಬಿಟ್ಟಿರುತ್ತೇವೆ.

ಮೊಬೈಲ್ ಕೊಳ್ಳಲಿ, ಅವನ ದುಡ್ಡು. ಒಂದೇ ಷರತ್ತು, ಕಡಿಮೆ ಬಿದ್ದ ಹಣವನ್ನು ನೀವು ಸೇರಿಸಬಾರದು. ತನ್ನ ಎಷ್ಟು ದಿನಗಳ ದುಡಿಮೆ ಆ ಫೋನಿಗೆ ಸಮ ಎಂಬ ಲೆಕ್ಕವನ್ನು ಅವನೇ ಹಾಕಿದಾಗ, ಅವನಾಗಿಯೇ ಕಡಿಮೆ ಬೆಲೆಯದ್ದನ್ನು ಆರಿಸಬಹುದು, ಅಥವಾ ಮುಂದೂಡಬಹುದು. ಬಸ್ ಖರ್ಚು, ತಿಂಡಿಯ ಖರ್ಚು ಎಲ್ಲ ಬರೆದಿಡಲಿ. 10 ವರ್ಷ ಮೀರಿದ ಮಕ್ಕಳು ತಮ್ಮ ಹೆಸರಿನಲ್ಲೇ ಉಳಿತಾಯ ಖಾತೆ ತೆರೆದು ನಡೆಸಲು ರಿಸರ್ವ್ ಬ್ಯಾಂಕಿನ ನಿಯಮಗಳು ಅವಕಾಶ ಕೊಟ್ಟಿವೆ, ನಿಮ್ಮ ಬ್ಯಾಂಕಿನಲ್ಲಿ ವಿಚಾರಿಸಿ. ಸಂಬಳ ಅಲ್ಲಿಗೇ ಬಂದರೆ ಎಷ್ಟು ಬಂತು, ಯಾವಾಗ ಬಂತು ಎಂಬುದಕ್ಕೆ ದಾಖಲೆಯೂ ಆಗುತ್ತದೆ. ಮೊದಲ ಸಂಬಳವನ್ನು ದೇವರ ಮುಂದಿಟ್ಟು ನಿಮ್ಮ ಕೈಗೆ ಕೊಟ್ಟರೆ ಸಂತೋಷದಿಂದ ತೆಗೆದುಕೊಳ್ಳಿ, ಮರುದಿನ ಅವನಿಗೇ ಕೊಟ್ಟುಬಿಡಿ. ಮನೆಗೆ ನಿಜವಾಗಿ ಅಗತ್ಯವಿದ್ದರೆ ಮಾತ್ರ, ಎಷ್ಟು ಬೇಕೆಂದು ಅವನಿಗೆ ಬಿಡಿಸಿ ಹೇಳಿ ತೆಗೆದುಕೊಳ್ಳಿ.

ಇನ್ನು ಬಿಡುವ ದಿನ. ಕಾಲೇಜು ಶುರುವಾಗುವ ತಾರೀಖು ಗೊತ್ತಾದ ಕೂಡಲೇ, ಕನಿಷ್ಠ ಒಂದು ವಾರ ಮುಂಚೆ ಅವನು ಮಾಲೀಕರಿಗೆ ತಿಳಿಸಬೇಕು. ತಾನು ನೋಡಿಕೊಳ್ಳುತ್ತಿದ್ದ ಅಟ್ಟಣಿಗೆಯಲ್ಲಿ ಏನೆಷ್ಟಿದೆ ಎಂದು ಬರೆದು, ಮುಂದೆ ಬರುವವನಿಗೆ ತೋರಿಸಿಕೊಟ್ಟು ಬರಲಿ. ಬಾಕಿ ಸಂಬಳವನ್ನು ಅಂದೇ ಎಣಿಸಿ ತೆಗೆದುಕೊಳ್ಳಲಿ. ಇಂತಿಷ್ಟು ದಿನ ಇಲ್ಲಿ ಕೆಲಸ ಮಾಡಿದ್ದಾನೆ ಎಂದು ಅಂಗಡಿಯ ಕಾಗದದಲ್ಲಿ ಎರಡು ಸಾಲು ಬರೆಸಿಕೊಂಡರೆ ಮುಂದಿನ ಕೆಲಸ ಕೇಳುವಾಗ ಉಪಯೋಗಕ್ಕೆ ಬರುತ್ತದೆ. ಒಳ್ಳೆಯ ಹುಡುಗನನ್ನು ಮಾಲೀಕರು ಬಿಟ್ಟುಕೊಡಲು ಇಷ್ಟಪಡುವುದಿಲ್ಲ. ದಸರಾ ರಜೆಯಲ್ಲಿ ಕಳುಹಿಸುತ್ತೀರಾ ಎಂದು ನಿಮ್ಮನ್ನು ಕೇಳಿದರೆ, ಅವನನ್ನೇ ಕೇಳಿ ಎಂದು ಹೇಳಿ.